ಮತ್ಸ್ಯನ್ಯಾಯವೂ ಪಾದರಸವೂ

ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಜಾವ ದೋಣಿಗಳು ಬಂದು ತಂಗಿ, ಬುಟ್ಟಿಗಳು ಮೇಲೇರಿ, ಏಲದ ಕೂಗು ಮೊದಲಾಗುವ ಹೊತ್ತಿಗೆ ಅಲ್ಲಿ ಹೋಗಿ ನಿಂತವನ ಕಣ್ಣಿಗೆ ಮೊದಲು ಬೀಳುವುದು ಗಾತ್ರಕ್ಕೆ ಸಲ್ಲುವ ಮರ್ಯಾದೆ. ಭೂತಾಯಿಯೆಂಬ ಸಣ್ಣ ಮೀನು ಬುಟ್ಟಿಗಟ್ಟಲೆಯಾಗಿ ಬಂದು ಬುಟ್ಟಿಗಟ್ಟಲೆಯಾಗಿಯೇ ಹೋಗಿಬಿಡುತ್ತದೆ. ಅದರಲ್ಲಿ ಇಂತಹದೊಂದು ಮೀನೆಂದು ಬೆರಳಿಟ್ಟು ತೋರಿಸುವವರಿಲ್ಲ. ಬಂಗುಡೆಯನ್ನು ಎಣಿಸಿ ಕೊಳ್ಳುವವರುಂಟು. ಆದರೆ ತೋಳುದ್ದದ ಅಂಜಲ್ ಒಂದು ಹಲಗೆಯ ಮೇಲೆ ಬಿದ್ದಿತೆಂದರೆ ಸುತ್ತಲೂ ಜನ ಕೂಡುತ್ತಾರೆ, ಮಾರುವಾಕೆಯ ಧ್ವನಿ ಏರುತ್ತದೆ, ಕೊಂಡವನು ಅದನ್ನು ನಾಲ್ಕು ಜನರಿಗೆ ಕಾಣುವಂತೆಯೇ ಹಿಡಿದುಕೊಂಡು ಮನೆಗೆ ನಡೆಯುತ್ತಾನೆ. ನಾನೂ ಹಾಗೆ ಹಿಡಿದುಕೊಂಡು ನಡೆದವನೇ ಆದ್ದರಿಂದ ಈ ಮಾತನ್ನು ಪರಿಹಾಸಕ್ಕಾಗಿ ಹೇಳುತ್ತಿಲ್ಲ. ದೊಡ್ಡ ಮೀನು ದೊಡ್ಡದಾದದ್ದು ಹೇಗೆ, ದೊಡ್ಡದಾಗುವ ದಾರಿಯಲ್ಲಿ ಅದು ತನ್ನ ಮೈಯೊಳಗೆ ಏನನ್ನು ಕೂಡಿಹಾಕಿಕೊಂಡಿತು ಎಂಬುದೇ ಈ ಅಧ್ಯಾಯದ ವಿಷಯ.

1970ನೆಯ ಇಸವಿಯ ಕೊನೆಯ ಭಾಗದಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಬ್ರೂಸ್ ಮೆಕ್‌ಡಫಿ ಎಂಬವರು, ನದಿಯ ಮೀನುಗಳಲ್ಲಿ ಪಾದರಸವೆಷ್ಟಿದೆಯೆಂದು ಅಳೆಯುವ ಕಾರ್ಯದಲ್ಲಿ ತೊಡಗಿದ್ದಾಗ, ಅಂಗಡಿಯಲ್ಲಿ ಎಲ್ಲರೂ ಕೊಳ್ಳುವಂತಹ ಟ್ಯೂನ ಮೀನಿನ ಡಬ್ಬಿಯೊಂದನ್ನೂ ತೆರೆದು ಅದೇ ಉಪಕರಣದಲ್ಲಿ ಪರೀಕ್ಷಿಸಿದರು. ನದಿಯ ಮೀನಿಗೆ ಕಾರ್ಖಾನೆಯ ಕೊಳೆ ತಗುಲುವುದು ಸಹಜ. ನಡುಗಡಲಿನಲ್ಲಿ ಸಾವಿರಾರು ಮೈಲಿ ಈಜಿಕೊಂಡಿದ್ದ ಟ್ಯೂನಕ್ಕೆ ಯಾವ ಕಾರ್ಖಾನೆಯ ಮೋರಿಯೂ ನೆರೆಯಲ್ಲ. ಆದರೂ ಆ ಡಬ್ಬಿಯ ಮಾಂಸದಲ್ಲಿ ಹತ್ತು ಲಕ್ಷ ಭಾಗಕ್ಕೆ 0.75 ಭಾಗದಷ್ಟು ಪಾದರಸವಿತ್ತು. ಮೀನಿನಲ್ಲಿರಬಹುದಾದ ಪಾದರಸಕ್ಕೆ ಅಲ್ಲಿಯ ಆಹಾರ ಇಲಾಖೆ ಆಗ ಎಳೆದಿದ್ದ ಗೆರೆ 0.5, ಎಂದರೆ ಒಂದು ಕಿಲೋಗ್ರಾಂ ಮೀನಿನಲ್ಲಿ ಅರ್ಧ ಮಿಲಿಗ್ರಾಂ. ಇಲಾಖೆಯವರು ತಾವೂ ಪರೀಕ್ಷಿಸಿ ನೋಡಿ, ಆ ಡಿಸೆಂಬರಿನಲ್ಲಿಯೇ ಸುಮಾರು ಹತ್ತು ಲಕ್ಷ ಡಬ್ಬಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದರು. ಖಡ್ಗಮೀನಿನ ಸ್ಥಿತಿಯಂತೂ ಇನ್ನೂ ಕೆಟ್ಟದಾಗಿತ್ತು. ಪರೀಕ್ಷೆಗೆ ಬಂದ 853 ಮಾದರಿಗಳಲ್ಲಿ ಗೆರೆಯೊಳಗೆ ನಿಂತವು 42 ಮಾತ್ರ. ಆದಕಾರಣ 1971ರ ಮೇ ತಿಂಗಳಿನಲ್ಲಿ, ಆ ಮೀನನ್ನು ತಿನ್ನುವುದನ್ನೇ ಬಿಡಿರೆಂದು ಸರಕಾರ ಜನರಿಗೆ ಹೇಳಬೇಕಾಯಿತು.

ಸಮುದ್ರಜಲದಲ್ಲಿ ಪಾದರಸವಿರುವುದು ಲೆಕ್ಕಕ್ಕೆ ಸಿಕ್ಕದಷ್ಟು ಅಲ್ಪವಾಗಿ: ಲೀಟರೊಂದಕ್ಕೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದಂಶಕ್ಕಿಂತಲೂ ಕಡಿಮೆ. ಅಂತಹ ನೀರಿನಲ್ಲಿ ಹುಟ್ಟಿ ಬೆಳೆದ ಮೀನಿನ ಮಾಂಸದಲ್ಲಿ ಅದು ಹತ್ತು ಲಕ್ಷ ಮಡಿಗೂ ಮಿಕ್ಕು ಸಾಂದ್ರವಾದದ್ದು ಹೇಗೆ? ಇದನ್ನರಿಯಲು ಪಾದರಸದ ವೇಷಾಂತರವನ್ನು ಮೊದಲು ತಿಳಿಯಬೇಕು. ನಮ್ಮ ರಸವೈದ್ಯರು ಮಾರಣ ಶೋಧನಗಳಿಂದ ಪಳಗಿಸಲೆಳಸಿದ, ಉಷ್ಣಮಾಪಕದೊಳಗೆ ಹೊಳೆಯುತ್ತಿರುವ ಆ ದ್ರವಲೋಹವನ್ನು ಯಾರಾದರೂ ಆಕಸ್ಮಿಕವಾಗಿ ನುಂಗಿದರೆ ಅದು ಬಹುಮಟ್ಟಿಗೆ ಹೊಕ್ಕಂತೆಯೇ ಹೊರಬೀಳುತ್ತದೆ. ಅದರ ಆವಿಯನ್ನು ಉಸಿರಾಡುವುದು ಅಪಾಯ, ಆದರೆ ಆ ಕಥೆ ಬೇರೆ. ಮೀನಿನಲ್ಲಿರುವ ಪಾದರಸ ಈ ಲೋಹವಲ್ಲ. ಕೆರೆಯ ತಳದ, ಅಳಿವೆಯ, ಕಡಲಿನ ಕೆಸರಿನಲ್ಲಿ ಪ್ರಾಣವಾಯುವಿಲ್ಲದೆ ಬದುಕುವ ಕೆಲವು ಸೂಕ್ಷ್ಮಜೀವಿಗಳು ನಿರಿಂದ್ರಿಯ ಪಾದರಸದ ಪರಮಾಣುವಿಗೆ ಇಂಗಾಲದ ಒಂದು ಬಾಲವನ್ನು ಹಚ್ಚಿ ಮಿಥೈಲ್ ಪಾದರಸವನ್ನಾಗಿ ಮಾಡುತ್ತವೆ. ಕೆಸರಿನಲ್ಲಿ ಈ ಮಾರ್ಪಾಡು ನಡೆಯುವುದನ್ನು ಸ್ವೀಡನ್ನಿನ ಸೋರೆನ್ ಯೆನ್ಸೆನ್ ಮತ್ತು ಆರ್ನೆ ಯರ್ನೆಲೊವ್ ಎಂಬಿಬ್ಬರು 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಬಾಲ ಹಚ್ಚಿಸಿಕೊಂಡ ಪಾದರಸದ ನಡತೆಯೇ ಬೇರೆ; ನುಂಗಿದುದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕರುಳಿನಿಂದ ರಕ್ತಕ್ಕೆ ಸೇರುತ್ತದೆ.

ಅರಸನಿಲ್ಲದ ನಾಡಿನಲ್ಲಿ ಬಲ್ಲಿದನು ಬಡವನನ್ನು ನುಂಗುವ ಸ್ಥಿತಿಗೆ ನಮ್ಮ ಪ್ರಾಚೀನ ರಾಜನೀತಿಜ್ಞರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಅವರ ದೃಷ್ಟಿಯಿದ್ದದ್ದು ದಂಡನೀತಿಯ ಕಡೆಗೆ. ಮೀನು ಅವರಿಗೊಂದು ಉಪಮಾನ ಮಾತ್ರ. ಆದರೆ ಆ ನ್ಯಾಯವನ್ನು ಉಪಮಾನದಿಂದ ಬಿಡಿಸಿ ಮತ್ತೆ ನೀರಿಗೆ ಬಿಟ್ಟು ನೋಡಿದರೆ ಅದರೊಳಗೊಂದು ಅಂಕಗಣಿತ ಕಾಣುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯವು ಮಿಥೈಲ್ ಪಾದರಸವನ್ನು ನೀರಿನಿಂದ ಹೀರುತ್ತದೆ. ಇಡೀ ಏಣಿಯಲ್ಲಿ ಅತ್ಯಂತ ಎತ್ತರದ ಮೆಟ್ಟಿಲು ಇದೇ, ಇಲ್ಲಿ ಸಾಂದ್ರತೆ ಒಮ್ಮೆಗೇ ಸಾವಿರಾರು ಮಡಿ, ಲಕ್ಷ ಮಡಿ ಏರಿಬಿಡುತ್ತದೆ. ಆ ಸಸ್ಯಗಳನ್ನು ಸಿಗಡಿಯಂತಹ ಅಣುಪ್ರಾಣಿಗಳು ಮೇಯುತ್ತವೆ, ಅವನ್ನು ಭೂತಾಯಿಯಂತಹ ಸಣ್ಣ ಮೀನು, ಅದನ್ನು ಅದಕ್ಕಿಂತ ದೊಡ್ಡದು, ಅದನ್ನು ಟ್ಯೂನ, ಶಾರ್ಕು, ಖಡ್ಗಮೀನು. ನುಂಗಿದ ಮೀನಿನ ಮಾಂಸವು ನುಂಗಿದವನ ಓಡಾಟಕ್ಕೆ ಉರಿದುಹೋಗುತ್ತದೆ. ಪಾದರಸ ಉರಿಯುವುದಿಲ್ಲ, ಸುಲಭವಾಗಿ ಹೊರಹೋಗುವುದೂ ಇಲ್ಲ. ಹತ್ತು ವರ್ಷ ಬೇಟೆಯಾಡಿ ಬದುಕಿದ ಮೀನೊಂದು, ಆ ಹತ್ತು ವರ್ಷದಲ್ಲಿ ತಾನು ತಿಂದುದರ ಪಾದರಸದ ಬಹುಪಾಲನ್ನು ಲೋಭಿಯಂತೆ ಕೂಡಿಟ್ಟುಕೊಂಡೇ ಬಲೆಗೆ ಬೀಳುತ್ತದೆ. ಆದ್ದರಿಂದಲೇ ಒಂದೇ ಜಾತಿಯಲ್ಲಿಯೂ ಮರಿಗಿಂತ ಮುದಿಯದರಲ್ಲಿ ಪಾದರಸ ಹೆಚ್ಚು.

ಅದು ಎಲ್ಲಿ ಕೂಡಿರುತ್ತದೆಂಬುದೂ ತಿಳಿಯತಕ್ಕ ವಿಷಯ. ಗಂಧಕವನ್ನೊಳಗೊಂಡ ಒಂದು ಬಗೆಯ ಸಂಯುಕ್ತಗಳಿಗೆ, ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನ ರಸಾಯನಜ್ಞ ಜೈಸೆಯು, ಪಾದರಸವನ್ನು ಹಿಡಿಯುವಂತಹವು ಎಂಬ ಅರ್ಥದ ಲ್ಯಾಟಿನ್ ಮಾತುಗಳನ್ನು ಕೂಡಿಸಿ ಮರ್ಕ್ಯಾಪ್ಟನ್ ಎಂದು ಹೆಸರಿಟ್ಟನು. ಅದೇ ಗಂಧಕದ ಕೊಂಡಿ ಮಾಂಸದ ಪ್ರೋಟೀನಿನಲ್ಲಿಯೂ ಉಂಟು. ಮಿಥೈಲ್ ಪಾದರಸ ಹೋಗಿ ತಗುಲಿಕೊಳ್ಳುವುದು ಅದಕ್ಕೆ. ಕೊಬ್ಬಿನಲ್ಲಿ ಸೇರುವ ವಿಷವಾಗಿದ್ದರೆ ಕೊಬ್ಬನ್ನು ಕೆರೆದು ತೆಗೆಯಬಹುದಾಗಿತ್ತು, ಚರ್ಮದಲ್ಲಿದ್ದರೆ ಸುಲಿಯಬಹುದಾಗಿತ್ತು. ಇದು ನಾವು ತಿನ್ನಬೇಕೆಂದಿರುವ ಮಾಂಸದಲ್ಲಿಯೇ ಇದೆ. ತೊಳೆದರೂ, ಹುಳಿ ಹಿಂಡಿ ಇಟ್ಟರೂ, ಕೆಂಪಗೆ ಹುರಿದರೂ ಅದು ಬಿಡುವುದಿಲ್ಲ. ಹುರಿದಾಗ ನೀರು ಆರಿ ಮೀನಿನ ತೂಕ ತಗ್ಗುವುದರಿಂದ, ತೂಕಕ್ಕೆ ತೂಕ ನೋಡಿದರೆ ಪಾದರಸ ಸ್ವಲ್ಪ ಹೆಚ್ಚಿದಂತೆಯೇ ಆಗುತ್ತದೆ.

ಮೀನಿನ ಪಾದರಸವು ಮನುಷ್ಯನನ್ನು ಏನು ಮಾಡಬಲ್ಲುದೆಂಬುದನ್ನು ಲೋಕವು ಕಲಿತದ್ದು ಜಪಾನಿನ ಮಿನಮಾಟದಲ್ಲಿ. ಅಲ್ಲಿಯ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ ಪಾದರಸದ ಲವಣವನ್ನು ಪ್ರೇರಕವಾಗಿಟ್ಟುಕೊಂಡು ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನು ತಯಾರಿಸುತ್ತಿತ್ತು. ಕೆಸರಿನ ಸೂಕ್ಷ್ಮಜೀವಿಗಳು ಬಹುಕಾಲದಲ್ಲಿ ಮಾಡುವ ಕೆಲಸ ಇಲ್ಲಿ ಪಾತ್ರೆಯೊಳಗೇ ನಡೆದು, ಸಿದ್ಧವಾದ ಮಿಥೈಲ್ ಪಾದರಸವೇ ಕೊಲ್ಲಿಗೆ ಹರಿಯುತ್ತಿತ್ತು. ಮೊದಲು ಬೆಸ್ತರ ಹಟ್ಟಿಗಳ ಬೆಕ್ಕುಗಳು ಕುಣಿಕುಣಿದು ಬಿದ್ದು ಸತ್ತವು. 1956ರ ಮೇ 1ರಂದು, ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಹೊಸೊಕಾವ ಹಜಿಮೆಯವರು, ನಡೆಯಲು ತಡವರಿಸುವ, ಮಾತು ಕಳೆದುಕೊಂಡ, ಕೈಕಾಲು ಸೆಟೆದ ರೋಗಿಗಳ ವಿಷಯವನ್ನು ಆರೋಗ್ಯ ಕಚೇರಿಗೆ ತಿಳಿಸಿದರು. ಸಾಂಕ್ರಾಮಿಕವಿರಬಹುದೆಂದು ಮೊದಲು ಹೆದರಿ, ಕೊಲ್ಲಿಯ ಮೀನೇ ಕಾರಣವೆಂದು ತಿಳಿದ ಮೇಲೆ ಯಾವ ಲೋಹವೆಂದರಿಯದೆ ಮ್ಯಾಂಗನೀಸ್, ಸೆಲೆನಿಯಂ, ಥ್ಯಾಲಿಯಂ ಎಂದು ಒಂದೊಂದನ್ನೂ ಶಂಕಿಸಿ, ಕೊನೆಗೆ 1959ರ ಜುಲೈಯಲ್ಲಿ ಕುಮಮೋಟೊ ವಿಶ್ವವಿದ್ಯಾಲಯದ ಸಂಶೋಧಕರು ಅದು ಸೇಂದ್ರಿಯ ಪಾದರಸವೆಂದು ಹೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸೊಕಾವರವರು ಕಾರ್ಖಾನೆಯ ಕೊಳೆನೀರನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದ ಬೆಕ್ಕೊಂದಕ್ಕೆ (ಪ್ರಯೋಗದ ಪುಸ್ತಕದಲ್ಲಿ ಅದು 400ನೆಯದು) ಅದೇ ರೋಗ ಬಂದಿತು. ಕಂಪನಿ ಆ ಫಲಿತಾಂಶವನ್ನು ಅಡಗಿಸಿಟ್ಟಿತು. ಉತ್ಪಾದನೆ ನಿಂತದ್ದು 1968ರಲ್ಲಿ. ಸರಕಾರ ಕಾರಣವನ್ನು ಒಪ್ಪಿದ್ದೂ ಅದೇ ವರ್ಷ. ಬೆಕ್ಕು ಹೇಳಿದ ಮಾತನ್ನು ಸರಕಾರದ ಬಾಯಿಂದ ಕೇಳಲು ಒಂಬತ್ತು ವರ್ಷ ಬೇಕಾಯಿತು. 1970ರಲ್ಲಿ ಹೊಸೊಕಾವರವರು ಆಸ್ಪತ್ರೆಯ ಹಾಸಿಗೆಯಿಂದಲೇ ಸಾಕ್ಷ್ಯ ನುಡಿದು, ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಆ ಕೊಲ್ಲಿಯ ಬಾಯಿಗೆ 1974ರಲ್ಲಿ ಬಲೆ ಕಟ್ಟಿದರು, 1997ರಲ್ಲಿ ಬಿಚ್ಚಿದರು. ನಡುವಣ ವರ್ಷಗಳಲ್ಲಿ ಕೆಸರನ್ನು ಬಾಚಿ ದಡದ ಬದಿಯಲ್ಲಿ ತುಂಬಿ 58 ಹೆಕ್ಟೇರಿನಷ್ಟು ಹೊಸ ನೆಲ ಮಾಡಿದರು. ಕೊಲ್ಲಿಯಲ್ಲಿ ಹಿಡಿದ ಮೀನನ್ನೂ ಪೀಪಾಯಿಗಳಲ್ಲಿ ತುಂಬಿ ಅದರಡಿಯಲ್ಲಿಯೇ ಹೂತರು.

ಮಿನಮಾಟದ ತಾಯಂದಿರಿಂದ ವೈದ್ಯಶಾಸ್ತ್ರ ಕಲಿತ ಪಾಠವೊಂದುಂಟು. ಗರ್ಭಕ್ಕೂ ತಾಯಿಗೂ ನಡುವೆ ಇರುವ ಜರಾಯು, ನಾವು ಮಾಸು ಎನ್ನುವುದು, ವಿಷವನ್ನು ತಡೆದು ಶಿಶುವನ್ನು ಕಾಯುತ್ತದೆಂದು ಅದುವರೆಗೆ ನಂಬಲಾಗಿತ್ತು. ಡಾಕ್ಟರ್ ಹರದ ಮಸಜುಮಿಯವರು ಆ ಹಟ್ಟಿಗಳಲ್ಲಿ ಕಂಡದ್ದು ಬೇರೆ: ತಾಯಿಯಲ್ಲಿ ರೋಗಲಕ್ಷಣ ಅಲ್ಪವಾಗಿದ್ದಾಗಲೂ ಹುಟ್ಟಿದ ಮಗುವಿನ ಮಿದುಳು ಜಜ್ಜಿಹೋಗಿತ್ತು. ಗಂಧಕದ ಕೊಂಡಿಗೆ ತಗುಲಿದ ಮಿಥೈಲ್ ಪಾದರಸವು ಶರೀರಕ್ಕೆ ಅಗತ್ಯವಾದ ಒಂದು ಅಮೈನೋ ಆಮ್ಲದಂತೆ ವೇಷ ಧರಿಸಿ, ಬಾಗಿಲು ಕಾಯುವವನನ್ನು ವಂಚಿಸಿ, ಜರಾಯುವಿನ ಮೂಲಕವೂ ಮಿದುಳಿನ ಹೊಸ್ತಿಲಿನ ಮೂಲಕವೂ ಒಳನುಸುಳುತ್ತದೆ.

ಇನ್ನು ಬಿಂಗ್‌ಹ್ಯಾಮ್ಟನ್ನಿನ ಡಬ್ಬಿಗೆ ಹಿಂದಿರುಗೋಣ. ಟ್ಯೂನದ ಪಾದರಸ ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಒಂದು ತಂಡ. ಮುಂದೆ ಓಜೋನ್ ಪದರದ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದ ಷೆರ್‌ವುಡ್ ರೋಲಂಡರೂ ಅದರಲ್ಲಿದ್ದರು. 1878ರಿಂದ 1909ರವರೆಗೆ ಹಿಡಿದು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದ ಏಳು ಟ್ಯೂನಗಳಿಂದಲೂ, 1946ರ ಒಂದು ಖಡ್ಗಮೀನಿನಿಂದಲೂ ಮಾಂಸದ ತುಣುಕು ತೆಗೆದು ಅಳೆದಾಗ, ಆ ಹಳೆಯ ಮೀನುಗಳಲ್ಲಿಯೂ ಈಗಿನವುಗಳಲ್ಲಿರುವಷ್ಟೇ ಪಾದರಸವಿರುವುದು ಕಂಡಿತು. 1972ರಲ್ಲಿ ಇದು ಪ್ರಕಟವಾದೊಡನೆಯೆ ಮೀನಿನ ವ್ಯಾಪಾರಿಗಳು ಹರ್ಷಿಸಿದರೆಂದು ಬೇರೆ ಹೇಳಬೇಕಾಗಿಲ್ಲ, ಪಾಪವೆಲ್ಲ ಪ್ರಕೃತಿಯದೆಂದಾಯಿತಲ್ಲವೆ! ಜ್ವಾಲಾಮುಖಿಗಳೂ ಇಂಗಳೀಕದ ಬಂಡೆಗಳೂ ಅನಾದಿಯಿಂದ ಕಡಲಿಗೆ ಪಾದರಸ ಸಲ್ಲಿಸುತ್ತ ಬಂದಿರುವುದು ನಿಜ. ಆದರೆ ಎಂಟು ಮೀನುಗಳು ಮಹಾಸಾಗರಗಳ ಪರವಾಗಿ ಸಾಕ್ಷಿ ಹೇಳಲಾರವು. ಕಾರ್ಲ್ ಲ್ಯಾಂಬೋರ್ಗ್ ಮತ್ತು ಸಂಗಡಿಗರು ಹಲವು ಸಾಗರಗಳ ನೀರನ್ನೇ ಅಳೆದು 2014ರಲ್ಲಿ ತಿಳಿಸಿದಂತೆ, ಕಡಲಿನ ಮೇಲಣ ನೂರು ಮೀಟರಿನ ನೀರಿನಲ್ಲಿ ಪಾದರಸವು ಕೈಗಾರಿಕಾ ಕ್ರಾಂತಿಯ ಹಿಂದಿದ್ದುದರ ಮೂರರಷ್ಟಾಗಿದೆ. ಕಲ್ಲಿದ್ದಲನ್ನು ಉರಿಸುವ ಹೊಗೆಗೊಳವೆಗಳಿಂದಲೂ, ಪಾದರಸದಿಂದ ಚಿನ್ನವನ್ನು ಸೆಳೆಯುವ ಸಣ್ಣ ಗಣಿಗಳಿಂದಲೂ ಆಕಾಶಕ್ಕೇರಿದುದು ಮಳೆಯೊಡನೆ ಅಲ್ಲಿಗೆ ಇಳಿದಿದೆ. ಹೀಗಾಗಿ ನಡುಗಡಲಿನ ಟ್ಯೂನಕ್ಕೂ ಕಾರ್ಖಾನೆ ನೆರೆಯೇ ಸರಿ.

ಗೆರೆಯ ಕಥೆಯೂ ಮುಗಿಯಲಿಲ್ಲ. ಖಡ್ಗಮೀನಿನ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋಗಿ ವಾದಿಸಿದರು. 1978ರ ತೀರ್ಪಿನ ತರುವಾಯ, 1979ರಲ್ಲಿ ಇಲಾಖೆ 0.5ರ ಗೆರೆಯನ್ನಳಿಸಿ 1.0ಕ್ಕೆ ಎಳೆಯಿತು. ನಿನ್ನೆ ದೋಷಿಯಾಗಿದ್ದ ಮೀನು ಇಂದು ನಿರ್ದೋಷಿಯಾಯಿತು. ಮೀನು ಬದಲಾಗಿರಲಿಲ್ಲ. ಇದರಿಂದ ಗೆರೆಯೆಂಬುದೇ ಸುಳ್ಳೆಂದು ತೀರ್ಮಾನಿಸುವುದು ಅವಿವೇಕ; ಜನ ಎಷ್ಟು ತಿನ್ನುತ್ತಾರೆ, ಎಷ್ಟು ಅಪಾಯವನ್ನು ಸಹಿಸಬಹುದು ಎಂಬ ಊಹೆಗಳೂ ಅದರೊಳಗೆ ಸೇರಿವೆಯೆಂಬುದನ್ನು ಮಾತ್ರ ಮರೆಯಲಾಗದು.

ಮಿನಮಾಟದಷ್ಟು ವಿಷವಿಲ್ಲದ, ಅಂಗಡಿಯ ಸಾಮಾನ್ಯ ಮೀನನ್ನು ತಿನ್ನುವ ತಾಯಿಯ ಮಗುವಿಗೆ ಏನಾಗುತ್ತದೆ? ಇದನ್ನು ಎರಡು ದ್ವೀಪಸಮೂಹಗಳಲ್ಲಿ ವರ್ಷಾನುವರ್ಷ ಪರೀಕ್ಷಿಸಿದರು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಉತ್ತರ ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳಲ್ಲಿ ಫಿಲಿಪ್ ಗ್ರಾನ್‌ಜಾನರ ತಂಡ ಸುಮಾರು ಸಾವಿರ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದು, ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಹೆಚ್ಚಿದ್ದ ಮಕ್ಕಳು ಏಳನೆಯ ವಯಸ್ಸಿನಲ್ಲಿ ಭಾಷೆ, ಗಮನ, ಸ್ಮರಣೆಗಳ ಪರೀಕ್ಷೆಯಲ್ಲಿ ಸ್ವಲ್ಪ ಹಿಂದೆ ಬಿದ್ದುದನ್ನು ಕಂಡಿತು. ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಲ್ಲಿ, ವಾರಕ್ಕೆ ಹನ್ನೆರಡು ಹೊತ್ತು ಮೀನುಣ್ಣುವ ತಾಯಂದಿರ ಮಕ್ಕಳಲ್ಲಿ, ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರಿಗೆ ಅಂತಹ ಹಾನಿ ಕಾಣಲಿಲ್ಲ. ಫೆರೋದವರ ಪಾದರಸ ಬಂದದ್ದು ಹೆಚ್ಚಾಗಿ ತಿಮಿಂಗಿಲ ಜಾತಿಯ ಪ್ರಾಣಿಯ ಮಾಂಸದಿಂದ, ಅದೂ ಆಗೊಮ್ಮೆ ಈಗೊಮ್ಮೆ ಒಟ್ಟಾಗಿ. ಸೇಷೆಲ್ಸಿನವರದು ದಿನನಿತ್ಯದ ಕಡಲ ಮೀನಿನಿಂದ, ಮಿದುಳನ್ನು ಕಟ್ಟುವ ಮೀನೆಣ್ಣೆಯ ಸತ್ತ್ವವೂ ಅದರೊಡನೆಯೇ. ವಿಷವನ್ನೂ ಪಥ್ಯವನ್ನೂ ಒಂದೇ ತಟ್ಟೆಯಲ್ಲಿ ಬಡಿಸುವ ಆಹಾರ ಇದು. ಮೀನನ್ನೇ ಬಿಟ್ಟರೆ ಬಸುರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾದೀತು. ಯಾವ ಮೀನೆಂದು ಕೇಳುವುದೇ ವಿವೇಕ.

ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞಸಮಿತಿ 2003ರಲ್ಲಿ ಒಪ್ಪಿದ ಮಿತಿ, ಮೈತೂಕದ ಕಿಲೋಗ್ರಾಮಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮಿಥೈಲ್ ಪಾದರಸ. 55 ಕಿಲೋಗ್ರಾಂ ತೂಗುವ ಹೆಂಗಸಿಗೆ ಇದು ವಾರಕ್ಕೆ 88 ಮೈಕ್ರೋಗ್ರಾಂ. ಅಮೆರಿಕದ ಆಹಾರ ಇಲಾಖೆಯ ಪಟ್ಟಿಯಲ್ಲಿ ಶಾರ್ಕಿನ ಸರಾಸರಿ ಪಾದರಸ ಕಿಲೋಗ್ರಾಮಿಗೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. ಆಕೆಗೆ ವಾರಕ್ಕೆ ತೊಂಬತ್ತು ಗ್ರಾಮಿನಷ್ಟು, ಎಂದರೆ ಒಂದು ತುಂಡು, ಅಲ್ಲಿಗೆ ಲೆಕ್ಕ ಮುಗಿಯಿತು. ಅದೇ ಪಟ್ಟಿಯ ಸಾರ್ಡೀನಿನ, ನಮ್ಮ ಭೂತಾಯಿಯ ಬಂಧುವಿನ, ಸರಾಸರಿ 0.013, ಮಿತಿಯನ್ನು ಮುಟ್ಟಲು ಆಕೆ ವಾರದಲ್ಲಿ ಆರು ಕಿಲೋಗ್ರಾಮಿಗೂ ಹೆಚ್ಚು ತಿನ್ನಬೇಕು, ಅದು ಭೀಮನಿಗೆ ಒಪ್ಪುವ ಮಾತು. 2001ರಿಂದ ಬಸುರಿಯರಿಗೆ ಬೇಡವೆಂದು ಆ ಇಲಾಖೆ ಹೇಳುತ್ತ ಬಂದ ಮೀನುಗಳಲ್ಲಿ ಕಿಂಗ್ ಮ್ಯಾಕೆರೆಲ್ ಎಂಬುದೂ ಒಂದು. ಅದು ನಮ್ಮ ಅಂಜಲಿನ ದಾಯಾದಿ. ದಾಯಾದಿಯ ಅಂಕಿಯನ್ನು ನಮ್ಮದಕ್ಕೆ ಹಾಗೆಯೇ ಹಚ್ಚಲಾಗದು, ಆದರೆ ಇಬ್ಬರ ಊಟದ ಕ್ರಮ ಒಂದೇ.

ಪಾದರಸವೊಂದೇ ಲೋಹವಲ್ಲ. ನಮ್ಮ ಕರಾವಳಿಯ ಬೊಂಡಾಸ, ಕಪ್ಪೆಬೊಂಡಾಸಗಳೆಂಬ ಮೃದ್ವಂಗಿಗಳು ಯೂರೋಪಿಗೆ ರಫ್ತಾಗುತ್ತವೆ. ಅಲ್ಲಿಯ ಪರೀಕ್ಷಕರು ಅವುಗಳಲ್ಲಿ ಹುಡುಕುವುದು ಕ್ಯಾಡ್ಮಿಯಮನ್ನು. ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಬೀಡುಬಿಡುವ ಈ ಲೋಹವು ಆ ಪ್ರಾಣಿಗಳಲ್ಲಿ ಬಹುತೇಕ ಪಚನಗ್ರಂಥಿಯಲ್ಲಿಯೇ ಇರುತ್ತದೆ. ಕರುಳು ತೆಗೆಯದೆ ಹೆಪ್ಪುಗಟ್ಟಿಸಿಟ್ಟರೆ ಅಲ್ಲಿಂದ ಮಾಂಸಕ್ಕೆ ಸೋರುತ್ತದೆ. ಇಲ್ಲಿ ಮಾತ್ರ ಅಡಿಗೆಯವಳ ಕೈ ವಿಜ್ಞಾನಕ್ಕೆ ಸಹಾಯ ಮಾಡಬಲ್ಲುದು: ಬೊಂಡಾಸವನ್ನು ತಂದ ಕೂಡಲೆ ಒಳಗಣದ್ದನ್ನು ಪೂರ್ತಿಯಾಗಿ ತೆಗೆದು ತೊಳೆದರಾಯಿತು. ಇನ್ನು ಸಮುದ್ರದ ಮೀನಿನಲ್ಲಿ ಆರ್ಸೆನಿಕ್ ಇದೆಯೆಂದು ಆಗಾಗ್ಗೆ ಏಳುವ ಗದ್ದಲ ಬಹುಮಟ್ಟಿಗೆ ನಿರಾಧಾರ. ಅದು ಅಲ್ಲಿರುವುದು ಆರ್ಸೆನೊಬಿಟೈನ್ ಎಂಬ ನಿರಪಾಯ ರೂಪದಲ್ಲಿ, ಬಂದಂತೆಯೇ ಮೂತ್ರದಲ್ಲಿ ಹೋಗಿಬಿಡುತ್ತದೆ.

ತುಳುವರು ತಾಟೆ ಎನ್ನುವ ಶಾರ್ಕನ್ನು ಬಾಣಂತಿಗೆ ಉಣ್ಣಿಸಿದರೆ ಎದೆಹಾಲು ಹೆಚ್ಚುತ್ತದೆಂಬ ನಂಬಿಕೆ ನಮ್ಮ ಕರಾವಳಿಯಲ್ಲುಂಟು. ಒಮ್ಮೆ ದಕ್ಕೆಯಲ್ಲಿ ನಾನು ದೊಡ್ಡ ತಾಟೆಯೊಂದರ ಬೆಲೆ ಕೇಳಿದಾಗ, ಮಾರುತ್ತಿದ್ದ ಮುದುಕಿ ಮನೆಯಲ್ಲಿ ಬಾಣಂತಿಯಿರುವಳೇ ಎಂದು ವಿಚಾರಿಸಿ, “ಹಾಗಾದರೆ ಅದು ಬೇಡ ಸ್ವಾಮೀ, ಮರಿ ಕೊಂಡುಹೋಗಿ” ಎಂದು, ಕಡಿಮೆ ದುಡ್ಡಿನದನ್ನೇ ಬುಟ್ಟಿಯಿಂದ ತೆಗೆದುಕೊಟ್ಟಳು. ಮರಿಯ ಮಾಂಸ ಮೆತ್ತಗೆಂಬುದಷ್ಟೆ ಆಕೆಯ ಕಾರಣ. ಮರಿಯು ಇನ್ನೂ ಹೆಚ್ಚು ಮೀನುಗಳನ್ನು ನುಂಗಿಲ್ಲವೆಂಬುದು ನನ್ನದು. ಆದರೆ ಮಿಥೈಲ್ ಪಾದರಸವು ಹಾಲಿನಲ್ಲಿ ದಾಟುವುದಕ್ಕಿಂತ ಬಹಳ ಹೆಚ್ಚಾಗಿ ದಾಟುವುದು ಗರ್ಭದಲ್ಲಿ. ತಾಯಿಯ ಮೈಯಲ್ಲಿ ಒಮ್ಮೆ ಸೇರಿದುದು ಅರ್ಧಕ್ಕಿಳಿಯಲು ಐವತ್ತರಿಂದ ಎಪ್ಪತ್ತು ದಿನ ಹಿಡಿಯುತ್ತದೆ. ಆದಕಾರಣ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯಲ್ಲಿ ಬಸುರಿಯಿದ್ದರೆ ಆ ಒಂಬತ್ತು ತಿಂಗಳೂ, ಸಾಧ್ಯವಾದರೆ ಅದಕ್ಕೆ ಮುಂಚಿನ ಕೆಲವು ತಿಂಗಳೂ, ದೊಡ್ಡ ತಾಟೆಯನ್ನೂ ದೊಡ್ಡ ಅಂಜಲನ್ನೂ ಹಲಗೆಯ ಮೇಲೆಯೇ ಬಿಟ್ಟು, ಭೂತಾಯಿಯ ಬುಟ್ಟಿಯ ಕಡೆಗೆ ಹೋಗಿರಿ.